ಕಣ್ಣಿಗೆ ಎಣ್ಣೆ

ಬ್ಯಾರೆಂಟ್ಸ್ ಕಡಲಿನ ಅಂಚಿಗೆ, ಮರವೂ ಬೇರೂರಲೊಲ್ಲದ ಗುಡ್ಡದ ಮೇಲೆ
ನಮ್ಮ ಠಾಣೆ. ನಕಾಶೆಯಲ್ಲಿ ಇರಲಿಲ್ಲ.
ನಾನು ರುಫಿನಾ, ಉಗ್ರಾಣದ ಗುಮಾಸ್ತೆ.
ಯೆಲಿಸೇಯ್ ರೇಡಾರಿನವನು.
ಅವನು ಆಕಾಶ ಕಾಯುತ್ತಿದ್ದ, ನಾನು ಮೊಳೆ ಎಣಿಸುತ್ತಿದ್ದೆ.

ಹಸಿರು ಗಾಜಿನ ಮೇಲೆ ಗೀಟೊಂದು ಸುತ್ತುತ್ತಿತ್ತು
ಗಾಣದ ಎತ್ತಿನ ಹಾಗೆ,
ಅದರ ಹಿಂದೆ ಹಿಂದೆ ಅವನ ನೋಟ.
ಧ್ರುವದ ಆಚೆಯಿಂದ ಅವರು ಬಂದೇ ಬರುತ್ತಾರೆಂದು
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದ
ಹನ್ನೊಂದು ಚಳಿಗಾಲ.

ಎಣ್ಣೆಯ ಮಾತು ಬಂತು, ಹೇಳಿಬಿಡುತ್ತೇನೆ:
ಬಾಯ್ಲರಿಗೆ ನಲವತ್ತು ಪೀಪಾಯಿ ಅಂದಿತ್ತು ಕಾಗದ,
ಇಳಿದದ್ದು ಇಪ್ಪತ್ತಾರು.
ಮಿಕ್ಕದ್ದು ದಾರಿಯಲ್ಲೇ ಮೀನು ದೋಣಿಗಳಿಗೆ.
ಅದರ ದುಡ್ಡು ಯಾರ ಜೇಬಿಗೆ ಎಂದು ಕೇಳಿದವನು
ಮುಂದಿನ ತಿಂಗಳು ಇನ್ನೂ ಉತ್ತರದ ಠಾಣೆಗೆ.
ನಮಗಿಂತ ಉತ್ತರಕ್ಕೂ ಒಂದು ಠಾಣೆ ಇದೆಯೆಂದು
ನನಗೆ ಗೊತ್ತಾದದ್ದೇ ಆಗ.

ತಂತಿಯ ತುದಿ ಒರೆಸಲು ಬರುತ್ತಿದ್ದ ಸ್ಪಿರಿಟ್ಟು
ತುದಿ ಕಾಣುವ ಮೊದಲೇ ಗಂಟಲು ಕಾಣುತ್ತಿತ್ತು.
“ಏನೆಂದು ಬರೆಯಲಿ?” ಅಂದೆ.
ಕಮಾಂಡರ್ ಕಿಟಕಿಯ ಕಡೆ ತಿರುಗಿಕೊಂಡ:
“ಆವಿಯಾಯಿತು ಅಂತ ಬರಿ.”
ಬರೆದೆ. ದುಂಡಗಿನ ಅಕ್ಷರ ನನ್ನದು.
ಸ್ಪಿರಿಟ್ಟು ಆವಿಯಾಯಿತು.
ಉಣ್ಣೆಯ ಕಾಲುಚೀಲ ಆವಿಯಾದವು.
ತಾಮ್ರದ ತಂತಿ, ನೂರಾ ಎಂಬತ್ತು ಮೀಟರು,
ಮೈನಸ್ ಮೂವತ್ತರ ಚಳಿಯಲ್ಲಿ ಆವಿಯಾಯಿತು.
ಮಾಸ್ಕೋದಿಂದ ಬಂದ ತನಿಖೆಯವರು
ಪುಟ ತಿರುವಿ, ಅಕ್ಷರ ಹೊಗಳಿ,
ಒಣಮೀನಿನ ಪೆಟ್ಟಿಗೆ ಹೊತ್ತು ಹೊರಟರು.

ನಾನೂ ಒಂದು ಸೀಸೆ ಮನೆಗೆ ಒಯ್ದೆ,
ಅಮ್ಮನ ಮಂಡಿನೋವಿಗೆ.
ಅದಕ್ಕೂ ಅದೇ ಪದ.

ಆ ಅಕ್ಟೋಬರಿನ ರಾತ್ರಿ ಗಾಜಿನ ಮೇಲೆ ಚುಕ್ಕೆಗಳು.
ಒಂದಲ್ಲ ಎರಡಲ್ಲ, ಬೆಣೆಯ ಹಾಗೆ ಸಾಲುಕಟ್ಟಿ.
ಯೆಲಿಸೇಯ್ ಕೆಂಪು ಗುಂಡಿ ಒತ್ತಿದ.
ಸೈರನ್ ಕೂಗಲಿಲ್ಲ.
ನೂರಾ ಎಂಬತ್ತು ಮೀಟರು, ಪುಟ ಎಪ್ಪತ್ತಮೂರು.
ಬರಿಗಾಲಲ್ಲೇ ಹಿಮದೊಳಗೆ ಓಡಿದ, ಬಾಗಿಲು ಬಾಗಿಲು ಬಡಿದ.
ಎದ್ದವರು ಇಬ್ಬರು, ಅದರಲ್ಲೊಬ್ಬ ನಿಲ್ಲಲಾರ.
ಆಮೇಲೆ ತಲೆಯ ಮೇಲೆ ರೆಕ್ಕೆಯ ಸದ್ದು.
ಕಾಡುಬಾತುಗಳು.
ನಮ್ಮ ಮಹಾಶಕ್ತಿಯ ನೆತ್ತಿಯ ಮೇಲೆ ಹಾದು
ಯಾರ ಅಪ್ಪಣೆಯೂ ಕೇಳದೆ ದಕ್ಷಿಣಕ್ಕೆ ಹೋದವು.

ಈಗ ಇಬ್ಬರಿಗೂ ವಯಸ್ಸಾಯಿತು.
ಮುರ್ಮಾನ್ಸ್ಕಿನ ಐದನೇ ಮಹಡಿ, ನನ್ನ ಅಡುಗೆಮನೆ, ಪ್ರತಿ ಗುರುವಾರ.
ಹೊರಗಿನವರೇ ಮುರಿದರು ನಮ್ಮನ್ನು, ಅನ್ನುತ್ತಾನೆ,
ಡಾಲರಿನಿಂದ, ರೇಡಿಯೋದಿಂದ, ಜೀನ್ಸ್ ಪ್ಯಾಂಟಿನಿಂದ.
ಪೂರಾ ಸುಳ್ಳಲ್ಲ. ಅವರೇನು ನಮ್ಮ ಒಳಿತು ಬಯಸಿರಲಿಲ್ಲ.
ಅವರ ವಿಮಾನಗಳು ನಿಜವೇ,
ರಾತ್ರಿಯೆಲ್ಲ ಗಡಿಯಾಚೆ ಸುತ್ತುತ್ತಿದ್ದವು.
ಸುತ್ತಿ ಸುತ್ತಿ ಮನೆಗೆ ಹೋಗುತ್ತಿದ್ದವು.

ನಾನು ವಾದಕ್ಕೆ ನಿಲ್ಲುವುದಿಲ್ಲ.
ಅವನ ಎಡಗಾಲಿನ ಎರಡು ಬೆರಳು ಆ ಹಿಮಕ್ಕೇ ಹೋದವು.
ಕಾಲುಚೀಲದ ಪುಟ ಯಾವುದೆಂದು ನನಗೆ ಗೊತ್ತು.
ಪುಸ್ತಕ ಇಲ್ಲೇ ಇದೆ, ಹಿಟ್ಟಿನ ಡಬ್ಬಿಯ ಹಿಂದೆ,
ಅವನು ಕೂತ ಕುರ್ಚಿಗೆ ಒಂದು ಮಾರು ದೂರ.

“ಅಷ್ಟು ದೊಡ್ಡ ದೇಶ, ರುಫಿನಾ, ಎಲ್ಲಿಗೆ ಹೋಯಿತು ಹೇಳು,”
ಕಪ್ಪಿನಿಂದ ಮೇಲೇಳುವುದನ್ನು ನೋಡುತ್ತಾ ಕೇಳುತ್ತಾನೆ.

ಸಕ್ಕರೆ ಒಂದು ಚಮಚವೋ ಎರಡೋ,
ಕೇಳುತ್ತೇನೆ ನಾನು.