ಷರಾ

ಹನ್ನೊಂದು ವರ್ಷ ಅವಳನ್ನು ಗಂಡಸೆಂದೇ ತಿಳಿದಿದ್ದೆ.
ಸೀಸೆಯ ಕೊರಳಿನ ಚೀಟಿಯಲ್ಲಿ
ಎಲ್. ಎಚ್. ಎಂದಷ್ಟೇ ಸಹಿ, ಪೆನ್ಸಿಲ್ಲಿನಲ್ಲಿ.
ಶಾಯಿ ಕರಗುತ್ತದೆ, ಪೆನ್ಸಿಲು ಕರಗುವುದಿಲ್ಲ,
ಹೊಳೆಯಲ್ಲಿ ನಿಂತವರ ವಿದ್ಯೆ ಅದು.

ಲೀಡ್ಸಿನ ಪ್ರಯೋಗಾಲಯಕ್ಕೆ, ನನ್ನ ರಾತ್ರಿ ಪಾಳಿಗೆ
ಐಸು ತುಂಬಿದ ಪೆಟ್ಟಿಗೆಯಲ್ಲಿ ಬರುತ್ತಿತ್ತು ಕಾಲ್ಡರ್ ನದಿ
ಲೀಟರು ಲೀಟರಾಗಿ.
ಸೋರ್ಬಿ ಬ್ರಿಜ್. ಸೇತುವೆಯ ಕೆಳಗೆ. ಎಡದಂಡೆ. 6.40.
ಅಮೋನಿಯಾ ಇಷ್ಟು, ಫಾಸ್ಫೇಟ್ ಇಷ್ಟು, ಸತು ಇಷ್ಟು.
ಅದರ ಸದ್ದನ್ನು ನಾನು ಕೇಳಿರಲಿಲ್ಲ.

ಷರಾ ಎಂಬ ಕೊನೆಯ ಗೆರೆಯಲ್ಲಿ ಮಾತ್ರ
ಎಲ್. ಎಚ್. ಕೊಂಚ ಸಡಿಲ:
‘ನೀರು ಚಹಾ ಬಣ್ಣ. ಗುಡ್ಡದಲ್ಲಿ ಮಳೆ.’
‘ಮೇಲ್ಗಡೆ ದನ ದಾಟಿವೆ.’
ಒಂದು ಜನವರಿ:
‘ಮೂಗಿಗೆ ಏನೋ. ಏನೆಂದು ಹೇಳಲಾರೆ.
ದಯವಿಟ್ಟು ಇದನ್ನು ಮೊದಲು ನೋಡಿ.’

ಮೊದಲು ನೋಡಿದೆ.
ಸೂಜಿ ಎಂದೂ ಹೋಗದ ಕಡೆಗೆ ಹೋಗಿ ನಿಂತಿತು.

ಕಟಕಟೆಯಲ್ಲಿ ಕಂಡಳು ಲಿನೆಟ್ ಹೋಲ್ಡ್ಸ್‌ವರ್ತ್,
ನನ್ನ ಭುಜದೆತ್ತರ, ಬೇರೆ ಯಾರದೋ ಅಳತೆಯ ಕೋಟು,
ಬೆರಳ ಸಂದುಗಳಲ್ಲಿ ಒಡಕು.
ಲೋಹಕ್ಕೆ ಹೊಳಪು ಕೊಡುವ ಕಾರ್ಖಾನೆಯ ವಕೀಲ
ನಯವಾಗಿಯೇ ಕೇಳಿದ:
ಕತ್ತಲಿತ್ತಲ್ಲವೆ? ಇತ್ತು.
ತಮಗೆ ನೆಗಡಿಯೂ ಇತ್ತಲ್ಲವೆ? ಇತ್ತು.
ಹಾಗಾದರೆ ಜಾಗ ಅದೇ ಎಂದು ಹೇಗೆ ಅಷ್ಟು ಖಚಿತ?
‘ನೀರಿನಲ್ಲಿ ನಿಂತಿದ್ದೆ’ ಎಂದಳು, ಅದೇ ಉತ್ತರವೆಂಬಂತೆ.

ದಂಡ, ಕಾರ್ಖಾನೆಯ ಅರ್ಧ ದಿನದ ಗಳಿಕೆ.
ಪತ್ರಿಕೆಯಲ್ಲಿ ನಿರ್ದೇಶಕರ ವಿಷಾದ, ಫೋಟೊ ಸಮೇತ.
ನ್ಯಾಯಾಲಯದ ಮೆಟ್ಟಿಲ ಮೇಲೆ ಕೂತು
ತನ್ನ ಚೀಸ್ ಸ್ಯಾಂಡ್‌ವಿಚ್ ಅರ್ಧ ಮುರಿದು ಕೊಟ್ಟಳು:
‘ಬಾ ಒಂದು ದಿನ.
ನೀನು ಅಳೆಯುವುದು ಹೇಗಿದೆಯೆಂದು ನೋಡುವಿಯಂತೆ.’

ಹೋದೆ.
ಸೊಂಟದ ತನಕ ರಬ್ಬರಿನ ಕಾಲುಚೀಲ,
ಮೂರು ನಿಮಿಷ, ಗಡಿಯಾರ ಹಿಡಿದು,
ಕೋಳಿ ತಿಪ್ಪೆ ಕೆದಕಿದ ಹಾಗೆ
ಹಿಮ್ಮಡಿಯಿಂದ ಹೊಳೆಯ ತಳ ಕೆದಕಿದಳು.
ಬಲೆಗೆ ಬಿದ್ದದ್ದನ್ನು ಬಿಳಿ ತಟ್ಟೆಗೆ ಸುರಿದು
ಅಕ್ಕಿ ಆರಿಸುವವರಂತೆ ಬಗ್ಗಿದಳು.
‘ಜಿಗಣೆ ಬಿಡು, ಅದು ಎಲ್ಲಿಯೂ ಬದುಕುತ್ತೆ.
ಇದನ್ನು ನೋಡು, ಕಲ್ಲುನೊಣದ ಮರಿ, ಎರಡು ಬಾಲ,
ಇದಕ್ಕೆ ಸುಳ್ಳು ಹೇಳಲು ಬರುವುದಿಲ್ಲ.’
ಮರಳ ಕಣ ಅಂಟಿಸಿ ಅಂಗಿ ಹೊಲಿದುಕೊಂಡ ಹುಳುವೊಂದು
ತಟ್ಟೆಯ ಅಂಚಿಗೆ ಹತ್ತಿ ನಿಂತಿತು, ಜಂಭದಲ್ಲಿ.
ಎಣಿಸಿ, ಬರೆದು, ಎಲ್ಲವನ್ನೂ ಹೊಳೆಗೇ ಬಿಟ್ಟಳು.
ಆ ಸದ್ದು ಈಗ ನನ್ನ ಬಳಿ ಇದೆ.

ಕಳೆದ ಶುಕ್ರವಾರ ನಿವೃತ್ತಿ.
ಕ್ಯಾಂಟೀನಿನಲ್ಲಿ ಕೇಕು, ಮೂವತ್ತೊಂದು ವರ್ಷಕ್ಕೆ ಒಂದು ಮಗ್ಗು,
ಲಿಂಡಾ ಎಂದು ಎರಡು ಸಲ ಕರೆದ ಮೇಲಧಿಕಾರಿ.
ನಾನೂ ಏನಾದರೂ ಹೇಳಬೇಕಿತ್ತು.
ನಮ್ಮಲ್ಲಿ ಧನ್ಯವಾದವೆಂದರೆ
ಸಭೆಯ ಕೊನೆಗೆ, ಕುರ್ಚಿ ಎಳೆಯುವ ಗದ್ದಲದ ನಡುವೆ
ಮೈಕಿಗೆ ಹೇಳುವ ಮಾತು;
ನೀರು ಕೊಟ್ಟವರಿಗೆ ಹೇಳುವುದಿಲ್ಲ,
ಕುಡಿದು ಲೋಟ ಕೆಳಗಿಡುತ್ತೇವೆ.
ಅದಕ್ಕೇ ಅಜ್ಜಿ ಹರಸುತ್ತಿದ್ದುದನ್ನೇ
ಇಂಗ್ಲಿಷಿಗೆ ತಿರುಗಿಸಿದೆ:
ನಿನ್ನ ಹೊಟ್ಟೆ ತಣ್ಣಗಿರಲಿ.
ಲಿನೆಟ್ ನಕ್ಕಳು, ಚಹಾ ಚೆಲ್ಲುವಷ್ಟು:
‘ಮೂವತ್ತೊಂದು ವರ್ಷ ತಣ್ಣಗೇ ಇತ್ತಲ್ಲೋ ಮಾರಾಯ,
ಇನ್ನೂ ಬೇಕೆ?’

ಸೋಮವಾರ ರಾತ್ರಿ ಅವಳ ಕೊನೆಯ ಸೀಸೆ ತೆರೆದೆ.
ಅಮೋನಿಯಾ ಇಲ್ಲವೆನ್ನುವಷ್ಟು. ಸತು, ಸುದ್ದಿಯಾಗದಷ್ಟು.
ಚೀಟಿಯಲ್ಲಿ ಅದೇ ಪೆನ್ಸಿಲು.
ಷರಾ: ‘ಮಿಂಚುಳ್ಳಿ. ಎರಡು.’

ಕಂಪ್ಯೂಟರಿನಲ್ಲಿ ಅದಕ್ಕೆ ಮನೆಯಿಲ್ಲ,
ಅಂಕಿಯನ್ನಲ್ಲದೆ ಒಳಗೆ ಬಿಡುವುದಿಲ್ಲ.
ಎರಡು ಎಂದು ಒತ್ತಿದೆ.
ಯಾವ ಮಾನ,
ಎಂದು ಕೇಳಿತು ಯಂತ್ರ.