ಮೂರನೆಯ ಕವಲು

ಹತ್ತು ಗಂಟೆಗೆ ನೆಟ್ ಸಾಯುತ್ತದೆ, ಮತ್ತೆ ಹನ್ನೊಂದಕ್ಕೆ.
ಲೈನ್‌ಮ್ಯಾನ್ ಗುರುವಪ್ಪಣ್ಣ ಚಾ ಮುಗಿಸಿ ಹೇಳಿದರು:
"ಹೊರಗಿನದ್ದು ಸರಿ ಉಂಟು ಮಾರಾಯ್ತಿ,
ಕವಲು ಜಾಸ್ತಿ ನಿಮ್ಮ ಮನೆಯೊಳಗೆ.
ಯಾರೂ ಎತ್ತದ ಫೋನಿನವರೆಗೂ ಸಿಗ್ನಲ್ ಹೋಗ್ತದೆ,
ಅಲ್ಲಿ ಮುಟ್ಟಿ ತಿರುಗಿ ಬರ್ತದೆ.
ಹೋಗುವುದಕ್ಕೂ ಬರುವುದಕ್ಕೂ ಡಿಕ್ಕಿ."

ಅವರು ಹೋದ ಮೇಲೆ ಸ್ಟೂಲು ಹತ್ತಿದೆ.
ಜೆಪ್ಪುವಿನ ಉಪ್ಪುಗಾಳಿಗೆ ತಾಮ್ರ ಕಿಲುಬಿ ಹಸಿರಾಗಿತ್ತು,
ಡಬ್ಬಿಯೊಳಗೆ ಹಲ್ಲಿಯ ಎರಡು ಮೊಟ್ಟೆ.
ಅವನ್ನು ಹತ್ತಿಯಲ್ಲಿಟ್ಟು ಕಿಟಕಿಗೆ ಸರಿಸಿದೆ.
ಒಂದು ಕವಲು ಹಾಲಿಗೆ. ಒಂದು ಮಹಡಿಗೆ.
ಮೂರನೆಯದು
ಇಗರ್ಜಿಯ ಕ್ಯಾಲೆಂಡರಿನ ಹಿಂದಿನಿಂದ, ಬಾಗಿಲ ಚೌಕಟ್ಟು ಸುತ್ತಿ,
ಸೆವ್ರಿನ್ ಮಾವ್ಶಿಯ ಮಂಚದ ತಲೆಬದಿಗೆ,
ಕ್ರೋಶಾ ಬಟ್ಟೆ ಹೊದ್ದ ಕೆಂಪು ಫೋನಿಗೆ.

ಟಕ್.
ತೊಂಬತ್ತಾರರಲ್ಲಿ ನಾನು ಮಾತಾಡುವಾಗೆಲ್ಲ
ಆ ಒಂದು ಶಬ್ದ.
ಆಮೇಲೆ ಲೈನಿನಲ್ಲಿ ಮೂರು ಜನರ ಉಸಿರು.
ಬಜ್ಪೆಯ ಹುಡುಗ ಬರೇ ಮಳೆಯ ಸಂಗತಿ ಮಾತಾಡತೊಡಗಿದ,
ಬಸ್ಸು ತಡವಾದ ಸಂಗತಿ.
ಒಂದು ಶನಿವಾರ ಏನೋ ಹೇಳಿ ಇಟ್ಟುಬಿಟ್ಟ.

ಸ್ಕ್ರೂ ಬಿಗಿಯಾಗಿತ್ತು. ತೆಂಗಿನೆಣ್ಣೆ ಬಿಟ್ಟು ತಿರುಗಿಸಿದೆ.
ಕತ್ತರಿಸಿದೆ, ತುದಿಗೆ ಕರಿ ಟೇಪು ಸುತ್ತಿದೆ.
ಮೋಡೆಮಿನ ನಾಲ್ಕೂ ದೀಪ
ಮಿಟುಕುವುದನ್ನು ಬಿಟ್ಟು ನಿಂತವು.

ಸಂಜೆ ಮಾವ್ಶಿ ರಿಸೀವರು ಕಿವಿಗೆ ಒತ್ತಿ ಕೂತಿದ್ದಳು.
"ಇದು ಸತ್ತಿತಾ ಹೇಗೆ?"
ಹೌದೆಂದೆ.
ಬಟ್ಟೆಯನ್ನು ಮೊದಲಿನ ಮಡಿಕೆಗೇ ಮಡಚಿ ಹೊದಿಸಿದಳು.
ಆಮೇಲೆ, ನನ್ನ ಕಡೆ ನೋಡದೆ:
"ಆ ಬಜ್ಪೆಯವ ಕೊನೆಗೆ ಏನು ಹೇಳಿದ?
ನಾನು ಅಷ್ಟರಲ್ಲಿ ಇಟ್ಟಾಗಿತ್ತು."

ಟೇಪಿನ ಅಂಟು ಇನ್ನೂ ಬೆರಳಲ್ಲೇ ಇತ್ತು.