ಇಡಬಹುದು, ಆಡಲಾಗದು

ದುರ್ಗಿಗುಡಿಯಲ್ಲಿ, ಕನ್ನಡಕದಂಗಡಿಯ ಮೇಲೆ,
ಹದಿನಾಲ್ಕು ಕಬ್ಬಿಣದ ಮೆಟ್ಟಿಲು ಹತ್ತಿದರೆ ನನ್ನ ಅಂಗಡಿ.
ಮೊದಲು ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದೆ, ಆಮೇಲೆ ಸಿ.ಡಿ.,
ಈಗ ಗಂಟೆಗೆ ಎಂಬತ್ತು ರೂಪಾಯಿಯಂತೆ ಆಟ.
ಹಳೆಯ ಗೂಡುಗಳು ಗೋಡೆಯಲ್ಲಿ ಹಾಗೇ ಇವೆ,
ಅ ಇಂದ ಳ ತನಕ ಚೀಟಿ ಅಂಟಿಸಿದವು.
ಒಳಗೆ ಹೆಲ್ಮೆಟ್ಟು, ಟಿಫಿನ್ ಡಬ್ಬಿ, ಯಾರೋ ಮರೆತ ಛತ್ರಿ.
ಗೋಡೆ ತುಂಬ ಜಾಗ.
ಪೆಟ್ಟಿಗೆಯಲ್ಲಿ ಮಾತ್ರ ಇಲ್ಲ.

ಬಿಳಿ ಕಾಲರ್ ಎತ್ತಿ ನಿಂತ ಹೊಸ ಪೆಟ್ಟಿಗೆ.
ಡಬ್ಬದ ಮೇಲೆ ಬರೆದದ್ದು ಎಂಟುನೂರ ಇಪ್ಪತ್ತೈದು,
ಕೈಗೆ ಸಿಕ್ಕಿದ್ದು ಆರುನೂರ ಚಿಲ್ಲರೆ,
ಉಳಿದದ್ದು ಅದರದೇ ಸಂಸಾರಕ್ಕೆ ಬೇಕಂತೆ.
ಗಾಂಧಿ ಬಜಾರಿನಲ್ಲಾಗಿದ್ದರೆ
ತಕ್ಕಡಿ ಮಗುಚಿ ನೋಡುತ್ತಿದ್ದೆ.

ಶುಕ್ರವಾರ ಹೊಸ ಯುದ್ಧ ಬಂತು: ನೂರ ನಲವತ್ತೆಂಟು ಜಿ.ಬಿ.
ಕಾಲೇಜು ಹುಡುಗರ ಸಾಲು ಮೆಟ್ಟಿಲಿಳಿದು ಬೀದಿಗೆ.
ಪರದೆ ಹೇಳಿತು: ಜಾಗ ಸಾಲದು, ಏನಾದರೂ ಅಳಿಸಿ.
ಏನಾದರೂ!
ಎಷ್ಟು ಸಲೀಸಾಗಿ ಅಂದುಬಿಟ್ಟಿತು.

ಗುತ್ಯಪ್ಪ, ಸೊರಬದ ಕಡೆಯವನು, ಐಟಿಐ ಮುಗಿಸಿ ನನ್ನಲ್ಲಿದ್ದಾನೆ,
ಸ್ಟೂಲಿನ ಮೇಲೆ ಕೂತು ದಾರಿ ಹೇಳಿದ.
ಹಳೇ ಹಾರ್ಡ್ ಡಿಸ್ಕ್ ಇದೆಯಲ್ಲ, ಚುಚ್ಚೋಣ.
ಹೊಸ ಆಟ ಅದರಲ್ಲಿ ಇಡಬಹುದು ಅಣ್ಣ, ಆಡಲಾಗದು.
ಆಡಬೇಕಂದ್ರೆ ಮತ್ತೆ ಒಳಗೆ ಎಳ್ಕೋಬೇಕು,
ಒಳಗೆ ಎಳ್ಕೊಳ್ಳೋಕೆ ಒಳಗೆ ಜಾಗ ಬೇಕು.
ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅಂತಾರಲ್ಲ, ಇದೇ.
ಇಲ್ಲಾ, ಬೆರಳುದ್ದದ ಚಿಪ್ಪು, ಒಳಗೇ ಕೂರುತ್ತೆ, ಮಿಂಚು.
ಬೆಲೆ ಹೇಳುವ ಮೊದಲು ಅವನು ಫ್ಯಾನ್ ನೋಡಿದ.
ತಟ್ಟೆ ಕೊಳ್ಳೋಣ ಅಂದೆ, ಹಳೇ ಕಾಲದವನು.
ತಟ್ಟೆ ಹಾಕಿದ್ರೂ ಆಟ ಇಳಿಯೋದು ಪೆಟ್ಟಿಗೆಗೇ, ಅಂದ,
ತಟ್ಟೆ ಬರೀ ಬೀಗದಕೈ.

ಪಟ್ಟಿ ತೆಗೆದೆವು.
ಫುಟ್‌ಬಾಲ್ ಮುಟ್ಟುವಂತಿಲ್ಲ, ಅಂಗಡಿ ಬಾಡಿಗೆ ಕಟ್ಟುವುದು ಅದೇ.
ಕಾರ್ ರೇಸು ಆಟೋ ಮುಷ್ತಾಕನದು:
ಎರಡು ಬಾಡಿಗೆಗಳ ನಡುವೆ ಬಂದು
ನಲವತ್ತು ರೂಪಾಯಿಗೆ ಅರ್ಧ ಗಂಟೆ ಇನ್ನೂರರ ವೇಗದಲ್ಲಿ ಹೋಗಿ
ಮತ್ತೆ ಗೋಪಿ ಸರ್ಕಲ್ಲಿನ ಕೆಂಪು ದೀಪಕ್ಕೆ ಇಳಿಯುತ್ತಾನೆ.
ಉಳಿದದ್ದು ದೋಣಿಯ ಆಟ, ತೊಂಬತ್ತೊಂದು ಜಿ.ಬಿ.
ಆಡುವವರು ಒಬ್ಬರೇ.

ಮೆಗ್ಗಾನ್ ಆಸ್ಪತ್ರೆಯ ವಿಕ್ಟೋರಿಯಾ ಸಿಸ್ಟರ್.
ನೈಟ್ ಡ್ಯೂಟಿ ಮುಗಿಸಿ ಬುಧವಾರ ಒಂಬತ್ತೂವರೆಗೆ ಬರುತ್ತಾರೆ,
ಚಪ್ಪಲಿ ಕಳಚಿ, ಸೆರಗಿನಲ್ಲಿ ಕನ್ನಡಕ ಒರೆಸಿ
ದೋಣಿ ಹತ್ತುತ್ತಾರೆ. ದ್ವೀಪದಿಂದ ದ್ವೀಪಕ್ಕೆ ಹೋಗಿ
ಒಂದೊಂದು ದೀಪ ಹಚ್ಚುತ್ತಾರೆ.
ಅಷ್ಟೇ ಆಟ. ಯಾರೂ ಸಾಯುವುದಿಲ್ಲ.
ಅದಕ್ಕೇ ಬರ್ತೀನಿ, ಅಂದಿದ್ದರು ಒಮ್ಮೆ,
ಚಿಲ್ಲರೆ ಎಣಿಸುತ್ತ.

ಅಳಿಸಿದೆವು.
ಒತ್ತಿದ್ದು ಗುತ್ಯಪ್ಪ; ಒತ್ತು ಅಂದದ್ದು ನಾನು.
ಚಹದ ಲೋಟ ಕೆಳಗಿಡುವಷ್ಟರಲ್ಲಿ
ಸಮುದ್ರ ಬತ್ತಿತು.
ಆಮೇಲೆ ಅವನು ಇನ್ನೊಂದು ಪಟ್ಟಿ ತೆರೆದು ತೋರಿಸಿದ:
ಆಟ ಹೋದ್ರೂ ಆಡಿದ್ದು ಹೋಗಲ್ಲ ಅಣ್ಣ, ಇಲ್ಲೇ ಇರುತ್ತೆ ನೋಡಿ.
ಹನ್ನೊಂದು ಎಂ.ಬಿ.
ಮೂವತ್ತೇಳು ದೀಪ.
ಎಂಟು ತಿಂಗಳ ಬುಧವಾರಗಳೆಲ್ಲ ಸೇರಿ
ನನ್ನ ಮಗಳ ಮದುವೆಯ ಎರಡು ಫೋಟೊದಷ್ಟು.

ದೋಣಿಯಿಲ್ಲ, ದಡವೂ ಇಲ್ಲ.
ಹಚ್ಚಿದ್ದು ಮಾತ್ರ ಇದೆ.

ಯುದ್ಧ ಚೆನ್ನಾಗಿ ನಡೆಯಿತು. ಮೂರು ದಿನ ಗಲ್ಲಾಪೆಟ್ಟಿಗೆ ತುಂಬಿತು,
ತುಂಬಿದ್ದನ್ನು ಹಾಗೇ ಚಿಪ್ಪಿಗೆ ಸುರಿದೆ.
ಯಾಕೆಂದು ಗುತ್ಯಪ್ಪ ಕೇಳಲಿಲ್ಲ, ನಾನೂ.
ಇವತ್ತು ಮಂಗಳವಾರ, ಕೊರಿಯರಿನವನು ತಂದುಕೊಟ್ಟ,
ಬೆಂಕಿಪೊಟ್ಟಣಕ್ಕಿಂತ ಹಗುರ.
ಪೆಟ್ಟಿಗೆಯ ಕಾಲರ್ ಕಳಚಿದರೆ ಒಳಗೆಲ್ಲ ದುರ್ಗಿಗುಡಿಯ ಧೂಳು.
ಸ್ಕ್ರೂ ಒಂದು, ಜೀರಿಗೆಯಷ್ಟು, ಕೈ ಜಾರಿ ಎಲ್ಲೋ ಉರುಳಿತು.

ಈಗ ರಾತ್ರಿ ಹತ್ತೂಮುಕ್ಕಾಲು.
ಸಮುದ್ರ ಇಳಿಯಲು ಆರು ಗಂಟೆ ಬೇಕು, ಕರೆಂಟ್ ಇದ್ದರೆ.
ಮೊಬೈಲ್ ಟಾರ್ಚ್ ಹಿಡಿದು ಇಬ್ಬರೂ ನೆಲಕ್ಕೆ ಮಂಡಿಯೂರಿದ್ದೇವೆ.
ಆಗಲೂ ಯಾವ ಸಿನಿಮಾವೂ ಬಾರದೆ ಖಾಲಿಯಿದ್ದ
ಳ ಗೂಡಿನ ಕೆಳಗೆ
ಏನೋ ಹೊಳೆದಂತಾಯಿತು.
ತಡಿ, ಟಾರ್ಚ್ ಆ ಕಡೆ ಹಿಡಿ.